ಹತ್ತಕ್ಕೆ ನಾಲ್ಕು

೧೨-೭-೪೩, ಸೋಮವಾರ. ಸಂಜೆ

ಮೂರನೇ ಇಯತ್ತೆಯ ಪಾಟಿಗಳನ್ನು ನೋಡಿ ಮುಗಿಸಿದೆ. ಕೈಯೆಲ್ಲ ಬಳಪದ ಪುಡಿ. ಶಾಲೆಗೆ ಈ ತಿಂಗಳೂ ಕಾಗದ ಇಲ್ಲವಂತೆ. ಯುದ್ಧ ಎಲ್ಲೋ, ಕಾಗದ ಮಾತ್ರ ಹಿರೇಕೆರೂರಿನಲ್ಲಿ ಮಾಯ. ಈ ದಿನಚರಿಗೂ ಹಳೆಯ ಹಾಜರಿ ಪುಸ್ತಕದ ಹಿಂಬದಿಯೇ ಗತಿ.

ಹಾನಗಲ್ಲ ಮೋಟಾರಿಗೆ ಪತ್ರಿಕೆಯ ಕಟ್ಟು ಬಂತು. ಕಂಡಕ್ಟರ್ ಖಲಂದರ ತಂದು ಕಟ್ಟೆಯ ಮೇಲಿಟ್ಟ.

"ಮಾಸ್ತರ, ಈ ಸಲ ಭಾಳ ಹಗರ ಐತಲ್ರಿ. ಬರಿಯೂದು ಕಡಿಮಿ ಮಾಡ್ಯಾರೇನು?"

"ಕಾಗದ ಇಲ್ಲೋ ಮಾರಾಯ."

"ಛಲೋ ಆತು ಬಿಡ್ರಿ," ಎಂದು ಹೋದ. ಇಷ್ಟು ನೇರ ಅಭಿಪ್ರಾಯ ಇಲ್ಲಿಯವರೆಗೆ ಯಾರೂ ಕೊಟ್ಟಿಲ್ಲ.

ಎಲ್ಲ ಕರಿಬಸಪ್ಪನ ಕಿತಾಪತಿ. ಟ್ರೇನಿಂಗ್ ಕಾಲೇಜಿನಲ್ಲಿ ನನ್ನ ಜೊತೆ ಇದ್ದವನು. ಈಗ ಶಿಗ್ಗಾಂವಿಯಲ್ಲಿ ಅರಿವೆ ಅಂಗಡಿ. ಅರಿವೆಗೂ ಕಂಟ್ರೋಲು ಬಂದು ಅಂಗಡಿ ಖಾಲಿಯಾಯಿತು. ಕೈ ಸುಮ್ಮನಿರಲಿಲ್ಲ, ಕೈಬರಹದ ಪತ್ರಿಕೆ ತೆಗೆದ. ಹೆಸರು 'ನಾಲ್ಕೂರು', ಬರೆಯುವವರು ಊರಿಗೊಬ್ಬರು. ಸವಣೂರು ಬರೆದು ಶಿಗ್ಗಾಂವಿಗೆ, ಶಿಗ್ಗಾಂವಿ ಹಾನಗಲ್ಲಿಗೆ, ಹಾನಗಲ್ಲು ನನಗೆ. ನಾನು ಓದಿ ಮರಳಿ ಅದೇ ದಾರಿಗೆ ಹಾಕಬೇಕು. ಒಬ್ಬೊಬ್ಬರಿಗೆ ಕಾಲು ಹಾಳೆ. ಅಷ್ಟರಲ್ಲೇ ಒಂದು ಕಥೆ ಹುಟ್ಟಿ ಬೆಳೆದು ಸಾಯಬೇಕು! ಕೊನೆಯ ಹಾಳೆ ಜಂಟಿ. ಗದ್ಯಕಾವ್ಯವಂತೆ. ಊರಿಗೆ ಮೂರು ಸಾಲು.

ಹಿರೇಕೆರೂರಿನ ಮೂರು ಸಾಲು ನನ್ನ ಪಾಲು. ಇದುವರೆಗೆ ಒಂದನ್ನೂ ಬರೆದಿಲ್ಲ. ಬರೆಯಲಾಗುವುದಿಲ್ಲ. ಇನ್ನೊಬ್ಬರದನ್ನು ತಿದ್ದಲು ಮಾತ್ರ ಬರುತ್ತದೆ.

೧೩-೭, ಮಂಗಳವಾರ

ಓದಿದೆ. ಹಾನಗಲ್ಲಿನ ಭರಮಪ್ಪನ ಕಥೆ. ದವಾಖಾನೆಯಲ್ಲಿ ಕಂಪೌಂಡರ, ಬರೆಯುವುದೂ ಗುಳಿಗೆಯ ಅಳತೆಯಲ್ಲೇ. ಇಡೀ ಕಥೆ ಇಷ್ಟು:

"ರೋಗಿ ಮೂರು ದಿನ ಔಷಧ ಕುಡಿದ. ನಾಲ್ಕನೇ ದಿನ ಎದ್ದು ಹೊಲಕ್ಕೆ ಹೋದ. ಖಾಲಿ ಬಾಟಲಿ ಕಿಟಕಿಯಲ್ಲಿ ಕೆಮ್ಮುತ್ತ ಕುಳಿತಿತ್ತು."

ಅಂಚಿನಲ್ಲಿ ಬರೆದೆ: 'ಬಾಟಲಿ ಕೆಮ್ಮುವುದಿಲ್ಲ. ೫/೧೦.' ಹೆಂಡತಿ ಸರೋಜಾ ಓದಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಕಥೆಗೆ ನಕ್ಕಳೋ ನನ್ನ ಮಾರ್ಕಿಗೋ, ಕೇಳಲಿಲ್ಲ. ನೀರಲ್ಲಿ ಕರಗಿಸುವ ಕೆಂಪು ಶಾಯಿಯ ಗುಳಿಗೆ ಇನ್ನು ಎರಡೇ ಉಳಿದಿವೆ. ಇಂಥವಕ್ಕೆ ಖರ್ಚು ಮಾಡುತ್ತಿದ್ದೇನಲ್ಲ ಎಂದು ಹೊಟ್ಟೆ ಉರಿಯಿತು.

ಜಂಟಿ ಹಾಳೆ ಇಲ್ಲಿ ನಕಲು ಮಾಡಿಡುತ್ತೇನೆ. ಯಾಕೋ ತಲೆಯಿಂದ ಹೋಗುತ್ತಿಲ್ಲ.

ಸವಣೂರು: "ಎಲೆತೋಟದ ಬಾವಿಯೊಳಗೆ ಒಂದು ಮಧ್ಯಾಹ್ನ ಬಿದ್ದಿದೆ. ಕೊಡ ಇಳಿಸಿದವರಿಗೆಲ್ಲ ನೀರಷ್ಟೇ ಸಿಗುತ್ತದೆ. ಮಧ್ಯಾಹ್ನ ಕೆಳಗೇ ಉಳಿಯುತ್ತದೆ."

ಶಿಗ್ಗಾಂವಿ: "ಅಂಗಡಿಯಲ್ಲಿ ಗಜಕೋಲು ಒಂದೇ ಉಳಿದಿದೆ. ಅಳೆಯಲು ಅರಿವೆ ಇಲ್ಲದೆ ಅದು ಬಾಗಿಲಿನಿಂದ ಬೀಳುವ ಬಿಸಿಲನ್ನು ಅಳೆಯುತ್ತದೆ. ಬಿಸಿಲು ದಿನಕ್ಕೊಂದು ಉದ್ದ."

ಹಾನಗಲ್ಲು: "ಆ ಬಿಸಿಲಿನ ಒಂದು ಚೂರನ್ನು ಪೊಟ್ಟಣ ಕಟ್ಟಿ ಕೊಟ್ಟೆ. ಊಟವಾದ ಮೇಲೆ ತಗೊಳ್ಳಬೇಕು ಅಂದೆ. ಎಷ್ಟು ದಿನ, ಅಂತ ಮುದುಕಿ ಕೇಳಿದಳು."

ಹಿರೇಕೆರೂರು:

ಖಾಲಿ. ಮುದುಕಿ ಕೇಳಿದ್ದಾಳೆ, ಉತ್ತರ ಹೇಳಬೇಕಾದವನು ನಾನು. ಗದ್ಯವಾದರೆ ಅರ್ಥ ಬೇಕು, ಪದ್ಯವಾದರೆ ಛಂದಸ್ಸು ಬೇಕು. ಎರಡೂ ಇಲ್ಲದಲ್ಲಿ ಏನನ್ನು ಹಿಡಿದು ಮುಂದೆ ಹೋಗುವುದು? 'ಮಧ್ಯಾಹ್ನ ಬೀಳುವ ವಸ್ತುವಲ್ಲ' ಎಂದು ಅಂಚಿನಲ್ಲಿ ಬರೆದು ಕಟ್ಟು ಕಟ್ಟಿದೆ.

೨-೮, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಒಪ್ಪತ್ತು. ಹೊಟ್ಟೆ ಖಾಲಿ, ಸಿಟ್ಟು ಜಾಸ್ತಿ.

ಕಟ್ಟು ಮತ್ತೆ ಬಂದಿದೆ. ಓದುಗರ ಪುಟದಲ್ಲಿ ಸವಣೂರಿನ ಅಕ್ಷರ, ಮುತ್ತು ಪೋಣಿಸಿದ ಹಾಗೆ: "ತಿದ್ದುವವರಿಗೆ ಸಲಾಮು. ಮಧ್ಯಾಹ್ನ ಬೀಳುವುದಿಲ್ಲ ಎಂದಿದ್ದೀರಿ. ನಮ್ಮ ತೋಟಕ್ಕೆ ಬಂದು ಒಮ್ಮೆ ಬಗ್ಗಿ ನೋಡಿರಿ. ಟೊಪ್ಪಿಗೆ ಜೋಪಾನ."

ಸರೋಜಾ ಇದನ್ನು ಎರಡು ಸಲ ಓದಿಸಿದಳು. "ಛಲೋ ಕೊಟ್ಟಾರ ನೋಡ್ರಿ ನಿಮಗ," ಅಂದಳು. ನನಗೆ ಸಿಟ್ಟು ಬರಲಿಲ್ಲ. ನಗು ಬಂತು, ತೋರಿಸಿಕೊಳ್ಳಲಿಲ್ಲ.

ಸವಣೂರು ಎಂದರೆ ನಸೀರಾ ಬಾಯಿಯವರು. ಅಲ್ಲಿ ಉರ್ದು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಾರೆ. ನಾನು ನೋಡಿಲ್ಲ. ಅವರ ಅಣ್ಣ ಶಹಾಬುದ್ದೀನ ವೀಳ್ಯದೆಲೆ ವ್ಯಾಪಾರಿ. ಹೊರೆಯ ಜೊತೆ ಕಟ್ಟನ್ನೂ ಶಿಗ್ಗಾಂವಿಗೆ ಮುಟ್ಟಿಸುವವನು ಅವನೇ. ಅವನದೊಂದೇ ಮಾತು: ತಂಗಿಯ ಹೆಸರು ಪತ್ರಿಕೆಯ ಹಾಳೆಯ ಮೇಲೂ ಬರಬಾರದು, ಯಾರ ಬಾಯಲ್ಲೂ ಬರಬಾರದು. ಬಂದರೆ ಅವತ್ತಿಗೆ ಬರವಣಿಗೆ ಮುಗಿಯಿತು, ಶಾಲೆಯೂ ಮುಗಿಯಿತು. ಉಳಿದ ಮೂವರೂ ಮಾತು ಕೊಟ್ಟಿದ್ದೇವೆ. ಅದಕ್ಕೇ ಕಥೆಯ ಕೆಳಗೆ ಯಾರ ಹೆಸರೂ ಇಲ್ಲ, ಬರೀ ಊರು.

ಕರಿಬಸಪ್ಪನ ಚೀಟಿಯೂ ಇದೆ. 'ಹಿರೇಕೆರೂರಿನ ಮೂರು ಸಾಲು ಬರುವ ತನಕ ಹೊಸ ಜಂಟಿ ಹಾಳೆ ತೆಗೆಯುವುದಿಲ್ಲ.' ಅಂದರೆ ನಾಲ್ಕು ಊರು ನನ್ನಿಂದ ನಿಂತಿದೆ. ಸಂಜೆಯವರೆಗೆ ಕುಳಿತೆ. ಬರೆದೆ, ಪಾಟಿಯ ಮೇಲೆ. ಒರೆಸಿದೆ. ನನ್ನದಕ್ಕೆ ನಾನೇ ಎರಡು ಮಾರ್ಕು ಕೊಡುತ್ತಿದ್ದೆ.

೧೭-೯, ಶುಕ್ರವಾರ

ಬಹಳ ದಿನ ಬರೆಯಲಿಲ್ಲ. ಇನ್ಸ್ಪೆಕ್ಷನ್ ಇತ್ತು. ಸಾಹೇಬರು ಮಕ್ಕಳ ಶುದ್ಧ ಬರಹ ನೋಡಿ ಮೆಚ್ಚಿದರು. ಮನಸ್ಸು ಹಗುರಾಗಿದೆ. ಸರೋಜಾ ಹೋಳಿಗೆ ಮಾಡಿದಳು, ಬೆಲ್ಲ ಎಲ್ಲಿಂದ ತಂದಳೋ.

ಇವತ್ತಿನ ಕಟ್ಟಿನಲ್ಲಿ ಸವಣೂರಿನ ಕಥೆ:

"ಟ್ರಂಕು ಮೋಟಾರಿನ ನೆತ್ತಿಗೇರಿತು. ಮಗಳು ಹೊಸ್ತಿಲಲ್ಲಿ ನಿಂತು ಬರ್ತೇನಿ ಅಂದಳು. ಮೋಟಾರು ಹೋಯಿತು. ಅವ್ವ ಒಳಗೆ ಬಂದು ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟಳು."

ಮುಗಿಯಿತು. ಕಟ್ಟಿಗೆ ಯಾಕೆ? ಮಗಳು ಹೋದಳು, ತಿನ್ನುವ ಬಾಯಿ ಒಂದು ಕಡಿಮೆಯಾಯಿತು. ಇದ್ದ ಕಟ್ಟಿಗೆ ಹಿಂದೆ ಸರಿಸಬೇಕು, ಇನ್ನೊಂದು ಇಡುವುದಲ್ಲ. ಈ ಕಾಲದಲ್ಲಿ ಕಟ್ಟಿಗೆ ಸಿಗುವುದೇ ಕಷ್ಟ. ಸರೋಜಾಳನ್ನು ಕೇಳಿದೆ.

"ನಿಮಗ ತಿಳೀಲಿಲ್ಲೇನ್ರಿ?" ಅಂದಳು.

"ನಿನಗ ತಿಳೀತೇನು?"

"ಹೂಂ."

"ಏನು?"

"ಹೇಳಿದ್ರ ಕೆಡತೈತಿ," ಎಂದು ಒಳಗೆ ಹೋದಳು.

ಎಲ್ಲರೂ ಸೇರಿ ನನ್ನನ್ನು ದಡ್ಡರ ಬೆಂಚಿನಲ್ಲಿ ಕೂಡಿಸಿದ್ದಾರೆ. 'ಬರ್ತೇನಿ' ಪದದ ಕೆಳಗೆ ಕೆಂಪು ಗೆರೆ ಎಳೆದೆ, ಎರಡು ಸಲ. ಬಾಯಿಮಾತು ಬಾಯಲ್ಲಿರಬೇಕು, ಬರೆಯುವಾಗ 'ಬರುತ್ತೇನೆ'. ಅದರ ಎದುರಿಗೇ ಮಾರ್ಕು ಹಾಕಿದೆ, ೪/೧೦. ಕಾರಣ ಬರೆಯಲಿಲ್ಲ, ಶಾಯಿ ಮುಗಿಯಿತು.

೧೮-೯

ಬೆಳಗಿನ ಮೋಟಾರಿಗೆ ಕಟ್ಟು ಕಳಿಸಿದೆ. ಜಂಟಿ ಹಾಳೆಯಲ್ಲಿ ನನ್ನ ಜಾಗ ಹಾಗೇ ಖಾಲಿ.

೨೩-೯, ಗುರುವಾರ

ಖಲಂದರ ಬಂದಿದ್ದ. ಇವತ್ತು ನಗಲಿಲ್ಲ.

"ಮಾಸ್ತರ, ಚಿಕ್ಕೇರೂರ ದಾಟಿದ ಮ್ಯಾಲ ಪೊಲೀಸರು ಮೋಟಾರ ನಿಲ್ಲಿಸಿದ್ರು. ಎಲ್ಲಾರ ಗಂಟೂ ಬಿಚ್ಚಿಸಿದ್ರು. ನಿಮ್ಮ ಕಟ್ಟು ಇಟಗೊಂಡಾರ."

"ಯಾರದು ಅಂತ ಕೇಳಿದ್ರೇನು?"

"ಕೇಳಿದ್ರು. ಮಾಸ್ತರದು ಅಂದ್ನಿ. ಸುಳ್ಳು ಹೇಳೂ ಹಂಥಾದ್ದು ಅದರಾಗ ಏನೈತ್ರಿ?"

ಏನೂ ಇಲ್ಲ, ಅಂದೆ. ಅವನು ಹೋದ ಮೇಲೆ ಬಾಗಿಲು ಹಾಕಿ ಕುಳಿತೆ. ಹೋದ ವರ್ಷದ ಚಳವಳಿಯಿಂದ ಈ ಕಡೆ ಎಷ್ಟು ಚಾವಡಿ ಸುಟ್ಟರು, ಎಷ್ಟು ಕಡೆ ತಂತಿ ಕಡಿದರು. ತಲೆ ತಪ್ಪಿಸಿಕೊಂಡವರು ಕದ್ದು ಬರೆದ ಹಾಳೆಗಳು ಹೀಗೇ ಕೈಯಿಂದ ಕೈಗೆ ತಿರುಗುತ್ತವೆ. ನಮ್ಮದೂ ಕೈಬರಹ. ನಮ್ಮದರಲ್ಲೂ ಹೆಸರಿಲ್ಲ. ಅವರ ಹಾಳೆಯಾದರೂ ಓದಿದರೆ ಅರ್ಥವಾಗುತ್ತದೆ.

೨೫-೯, ಶನಿವಾರ. ಸಂಜೆ

ಪೊಲೀಸ್ ಠಾಣೆಗೆ ಫೌಜದಾರರು ಕರೆಸಿದ್ದರು. ಹೊಸಬರು, ಸಾತಾರೆಯ ಕಡೆಯವರು, ಕನ್ನಡ ಕಲಿತಿದ್ದಾರೆ. ಮೇಜಿನ ಮೇಲೆ ನಮ್ಮ ಹಾಳೆಗಳು, ಒಂದೊಂದರ ಮೇಲೂ ಒಂದೊಂದು ಕಲ್ಲು. ನಮ್ಮ ಪತ್ರಿಕೆಯನ್ನು ಇಷ್ಟು ಶ್ರದ್ಧೆಯಿಂದ ಯಾರೂ ಓದಿರಲಿಕ್ಕಿಲ್ಲ. ಪ್ರತಿ ಸಾಲಿಗೂ ಪೆನ್ಸಿಲ್ ಗುರುತು.

"ಬಾವಿಯೊಳಗ ಏನ ಬಿದ್ದದ ಮಾಸ್ತರ? ಪಿಸ್ತೂಲು?"

"ಮಧ್ಯಾಹ್ನ ಬಿದ್ದೈತ್ರಿ ಸಾಹೇಬರ."

"ಅಂದ್ರ?"

"ನನಗೂ ತಿಳಿದಿಲ್ಲರಿ."

ಇನ್ನೊಂದು ಹಾಳೆ ಎತ್ತಿದರು. ಜಂಟಿ ಹಾಳೆ. ಹಿರೇಕೆರೂರಿನ ಜಾಗ ಕಂದಿಹೋಗಿತ್ತು.

"ಇಲ್ಲಿ ಲಿಂಬಿಹಣ್ಣಿನ ರಸದಾಗ ಏನರ ಬರದೀರೇನು ಅಂತ ದೀಪಕ್ಕ ಹಿಡದ ನೋಡಿದ್ವಿ. ಏನೂ ಬರಲಿಲ್ಲ."

"ನಾನೂ ಎರಡು ತಿಂಗಳಿಂದ ನೋಡಾಕತ್ತೇನ್ರಿ. ಏನೂ ಬರವಲ್ದು."

ಹವಾಲದಾರ ನಕ್ಕ. ಫೌಜದಾರರು ನಗಲಿಲ್ಲ. ಮೂರನೇ ಹಾಳೆ ನನ್ನ ಕಡೆ ತಿರುಗಿಸಿ, ಸವಣೂರಿನ ಕಥೆಯ ಮೇಲೆ ಬೆರಳಿಟ್ಟರು.

"ಬರ್ತೇನಿ. ಎರಡ ಕೆಂಪು ಗೆರಿ. ಎದರಿಗೆ ನಾಲ್ಕು ಓರೆಗೆರಿ ಹತ್ತು. ನಾಲ್ಕನೇ ಅಕ್ಟೋಬರ್. ಯಾರು ಬರ್ತಾರ? ಎಲ್ಲಿಗೆ ಬರ್ತಾರ?"

ಒಂದು ಕ್ಷಣ ತಿಳಿಯಲಿಲ್ಲ. ತಿಳಿದಾಗ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಅದು ತಾರೀಖಲ್ಲ, ಹತ್ತಕ್ಕೆ ನಾಲ್ಕು ಮಾರ್ಕು, ಪದ ಗ್ರಾಮ್ಯವಾಗಿತ್ತು ಅಂದೆ. ಗ್ರಾಮ್ಯ ಎಂದರೇನು ಅಂದರು. ಹೇಳಿದೆ. ಹೇಳಿದಷ್ಟೂ ಕೆಟ್ಟಿತು.

"ನಾಲ್ಕ ಮಂದಿ, ನಾಲ್ಕ ತಾಲೂಕು, ಅರ್ಥ ಇಲ್ಲದ್ದನ್ನ ಕೂಡಿ ಬರೀತಾರ. ನೀವು ಅದಕ್ಕ ಮಾರ್ಕು ಕೊಡ್ತೀರಿ. ನಾ ನಂಬಬೇಕು. ಹೌದಲ್ಲ?"

"ಹೌದ್ರಿ."

"ಶಿಗ್ಗಾಂವಿ, ಹಾನಗಲ್ಲು ಯಾರು ಅಂತ ತಿಳೀತು. ಸವಣೂರ ಯಾರು?"

"ಅದನ್ನ ಹೇಳೂದಿಲ್ಲರಿ."

ಈ ಮಾತು ನನ್ನ ಬಾಯಿಂದ ಬಂತು. ಸಾಹೇಬರ ಮುಂದೆ ಟೊಪ್ಪಿಗೆ ಸರಿಮಾಡಿಕೊಳ್ಳಲೂ ಹೆದರುವ ನನ್ನ ಬಾಯಿಂದ. ಫೌಜದಾರರು ಹಾಳೆಯ ಮೇಲೆ ಕಲ್ಲು ತಿರುಗಿ ಇಟ್ಟರು.

"ಛಲೋ. ನಾಲ್ಕನೇ ತಾರೀಖ ದಾಟಲಿ. ಅವತ್ತ ಈ ತಾಲೂಕಿನ್ಯಾಗ ಒಂದ ತಂತಿ ಕಡೀಲಿ, ಒಂದ ಕಡ್ಡಿ ಗೀರಲಿ, ನಿಮ್ಮ ನೌಕರಿ ಇಲ್ಲ. ಸವಣೂರಿನವರ ಹೆಸರ ಹೆಂಗ ತಗೀಬೇಕು ನನಗ ಗೊತ್ತದ."

೨೬-೯, ರವಿವಾರ

ನಿನ್ನೆಯ ಒಂದು ಸಂಗತಿ ಬರೆದಿರಲಿಲ್ಲ. ಇವತ್ತು ಬರೆಯುತ್ತೇನೆ.

ಮಧ್ಯಾಹ್ನ ಸಿಪಾಯಿಯ ಜೊತೆ ಹೊರಡುವಾಗ ಸರೋಜಾ ಹೊಸ್ತಿಲಲ್ಲಿದ್ದಳು. 'ಬರ್ತೇನಿ' ಅಂದೆ. ಅವಳು ಒಳಗೆ ಹೋದಳು.

ತಿರುಗಿ ಬಂದಾಗ ದೀಪ ಹಚ್ಚುವ ಹೊತ್ತು. ಒಳಗೆ ಕಾಲಿಟ್ಟರೆ ಬಿಸಿ. ಒಲೆ ಉರಿಯುತ್ತಿತ್ತು, ಮೇಲೆ ಏನೂ ಇರಲಿಲ್ಲ. ಅಡುಗೆ ಯಾವಾಗಲೋ ಮುಗಿದು ಮುಚ್ಚಿಟ್ಟಿತ್ತು. ಅವಳು ಒಲೆಯ ಮುಂದೆ ಕುಳಿತು ಕಟ್ಟಿಗೆ ಮುಂದೆ ತಳ್ಳುತ್ತಿದ್ದಳು. ಬದಿಯಲ್ಲಿ ಸಣ್ಣ ಹೊರೆಯಷ್ಟು ಕಟ್ಟಿಗೆ ಖಾಲಿಯಾಗಿತ್ತು.

"ಇಷ್ಟ್ಯಾಕ ಉರಿಸಿದಿ?" ಅಂದೆ.

"ನೀವ ಬರ್ತೇನಿ ಅಂದಿದ್ರೆಲ್ಲ," ಅಂದಳು.

ಅಲ್ಲೇ ಕುಳಿತುಬಿಟ್ಟೆ. ಎಂಥ ಕಥೆಗೆ ನಾಲ್ಕು ಮಾರ್ಕು ಕೊಟ್ಟೆ! ನಮ್ಮಲ್ಲಿ ಯಾರೂ 'ಹೋಗ್ತೇನಿ' ಅನ್ನುವುದಿಲ್ಲ. ಹೊಸ್ತಿಲಲ್ಲಿ ಆ ಮಾತು ಅಪಶಕುನ. ಹೋಗುವವರೆಲ್ಲ ಬರ್ತೇನಿ ಅನ್ನುತ್ತಾರೆ, ಕೇಳುವವರೆಲ್ಲ ಅದು ಹೋಗುವ ಮಾತೆಂದು ತಿಳಿಯುತ್ತಾರೆ. ಆ ತಾಯಿ ತಿಳಿಯಲಿಲ್ಲ. ಅಥವಾ ತಿಳಿದೂ, ಅಂದ ಮಾತನ್ನು ಅಂದ ಹಾಗೇ ಹಿಡಿದಳು. ಬರ್ತೇನಿ ಅಂದಿದ್ದಾಳೆ, ಬರುತ್ತಾಳೆ, ಬಂದಾಗ ಬಿಸಿ ಇರಬೇಕು. ಇದನ್ನೇ 'ಬರುತ್ತೇನೆ' ಎಂದು ತಿದ್ದಿದ್ದರೆ ಕಥೆ ಸತ್ತೇ ಹೋಗುತ್ತಿತ್ತು. ಯಾವ ಮಗಳೂ ಅವ್ವನಿಗೆ ಹಾಗೆ ಅನ್ನುವುದಿಲ್ಲ.

ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದೆ. ಓದಲು ನಿನ್ನೆ ಬಂತು.

೨-೧೦, ಶನಿವಾರ

ನವರಾತ್ರಿ ಸೂಟಿ. ಮನೆಯಲ್ಲಿ ದೀಪ ಕಾಯುವುದು ನನ್ನ ಕೆಲಸ. ಎಣ್ಣೆ ನೋಡುತ್ತ ತಾರೀಖನ್ನೇ ನೆನೆಯುತ್ತೇನೆ.

ಭರಮಪ್ಪನಿಂದ ಖಲಂದರನ ಬಾಯಲ್ಲಿ ಸುದ್ದಿ: ಪೊಲೀಸರು ಅವನನ್ನೂ ಕೇಳಿದರಂತೆ, ಬಾಟಲಿಯ ಕೆಮ್ಮು ಯಾವ ಸಂಜ್ಞೆ ಅಂತ. ಕರಿಬಸಪ್ಪನ ಗಜಕೋಲು ಜಪ್ತಿಯಾಗಿದೆ. ಇಬ್ಬರೂ ಹೆಸರು ಹೇಳಿಲ್ಲ. ಶಹಾಬುದ್ದೀನನಿಗೆ ವಿಷಯ ಮುಟ್ಟಿದೆ. ನಸೀರಾ ಬಾಯಿಯವರು ಪೆನ್ನು ಕೆಳಗಿಟ್ಟಿದ್ದಾರಂತೆ. ಹೆದರಿ ಅಲ್ಲವಂತೆ, ಇನ್ನೊಬ್ಬರಿಗೆ ತ್ರಾಸಾಯಿತು ಅಂತ.

ಇದು ಮಾತ್ರ ತಡೆಯಲಾಗುತ್ತಿಲ್ಲ. ತಪ್ಪು ಅವರದಲ್ಲ, ಒಂದು ಅಕ್ಷರವೂ ಅಲ್ಲ. ಕೆಂಪು ಶಾಯಿ ನನ್ನದು. ನೌಕರಿಯ ಚಿಂತೆ ಇಲ್ಲ ಎಂದರೆ ಸುಳ್ಳಾಗುತ್ತದೆ, ಬಹಳ ಇದೆ. ಆದರೂ ಆ ಅಕ್ಷರ ಇನ್ನು ಕಟ್ಟಿನಲ್ಲಿ ಬರುವುದಿಲ್ಲ ಎಂದರೆ ಅದಕ್ಕಿಂತ ಹೆಚ್ಚು ಸಂಕಟವಾಗುತ್ತದೆ.

೪-೧೦, ಸೋಮವಾರ. ಬೆಳಿಗ್ಗೆ

ಎದ್ದೆ. ಸ್ನಾನ, ಪೂಜೆ. ಇವತ್ತು ಕಟ್ಟೆ ಬಿಟ್ಟು ಇಳಿಯಬಾರದು ಎಂದುಕೊಂಡಿದ್ದೇನೆ. ನಾಲ್ಕು ಮಂದಿಗೆ ಕಾಣುವ ಹಾಗೆ ಕುಳಿತಿರಬೇಕು.

ಯಾರೋ ಬರುತ್ತಿದ್ದಾರೆ — ಅವರೇ.

ಅದೇ ದಿನ, ದೀಪ ಹಚ್ಚಿದ ಮೇಲೆ

ಎಲ್ಲಿಂದ ಶುರು ಮಾಡಲಿ.

ಫೌಜದಾರರು ಧೋತರ ಉಟ್ಟು, ಕರಿ ಟೊಪ್ಪಿಗೆ ಹಾಕಿಕೊಂಡು ಬಂದರು. ಬಗಲಲ್ಲಿ ನಮ್ಮ ಕಟ್ಟು. "ಇವತ್ತ ನಿಮ್ಮ ಕಟ್ಟಿ ಬಿಟ್ಟ ನಾ ಹೋಗೂದಿಲ್ಲ ಮಾಸ್ತರ. ಯಾರ ಬರ್ತಾರ ನೋಡೂನು," ಎಂದು ಕುಳಿತೇಬಿಟ್ಟರು. ಸರೋಜಾ ಚುರಮರಿ, ಬೆಲ್ಲದ ಚಹಾ ಇಟ್ಟಳು. ಸಾಹೇಬರು ಚಹಾ ಕುಡಿದು ಬೀದಿ ನೋಡಿದರು. ನಾನು ಸಾಹೇಬರನ್ನು ನೋಡಿದೆ. ಒಂದು ಎಮ್ಮೆ ಬಂತು, ಹೋಯಿತು.

ಬಿಸಿಲೇರಿದಾಗ ಸಿಪಾಯಿ ಓಡಿಬಂದ. "ಸಾಹೇಬರ, ಹಂಸಭಾವಿ ದಾರ್ಯಾಗ ಹೊಗಿ!" ಫೌಜದಾರರು ಎದ್ದು ನಿಂತರು. "ಹೋಗಿ ನೋಡ್ಕೊಂಡ ಬಾ," ಅಂದರು, ಕಣ್ಣು ನನ್ನ ಮೇಲೇ ಇಟ್ಟು. ಅವನು ಹೋಗಿ ಬರುವ ತನಕ ಅ ದಿಂದ ಳ ತನಕ ಮನಸ್ಸಿನಲ್ಲಿ ಹೇಳಿಕೊಂಡೆ, ಮಕ್ಕಳ ಹಾಗೆ. ಬಂದ. "ಕುಂಬಾರರು ಗಡಿಗಿ ಸುಡಾಕ ಆವಿಗಿ ಹಚ್ಯಾರ್ರಿ."

ಫೌಜದಾರರು ಕುಳಿತರು. ಹೊತ್ತು ಹೋಗಲಿಲ್ಲ. ಕೊನೆಗೆ ಕಟ್ಟು ಬಿಚ್ಚಿದರು.

ಮೊದಲು ಭರಮಪ್ಪನ ಬಾಟಲಿ. ತುಟಿ ಅಲ್ಲಾಡಿಸುತ್ತ ಓದಿದರು. ಇನ್ನೊಮ್ಮೆ ಓದಿದರು. ಭುಜ ಕುಲುಕಿತು. ಅನುಮಾನದಿಂದ ಓದದೇ ಸುಮ್ಮನೆ ಓದಿದ್ದು ಇವತ್ತೇ ಇರಬೇಕು. "ಇದಕ್ಕ ಐದ ಕೊಟ್ಟೀರಿ?" ಅಂದರು. ನಾನು ತಲೆ ತಗ್ಗಿಸಿದೆ. ಆಮೇಲೆ ಗಜಕೋಲು, ಆಮೇಲೆ ಬಾವಿ. ಬಾವಿಯ ಹತ್ತಿರ ಬಹಳ ಹೊತ್ತು ನಿಂತರು. ಕೊನೆಗೆ ಸವಣೂರಿನ ಕಥೆ.

"ತಾರೀಖ ಬಿಡ್ರಿ. ಈ ತಾಯಿ ಕಟ್ಟಿಗಿ ಯಾಕ ಇಟ್ಟಳು?"

ನಾನು ಕೇಳಿದ ಅದೇ ಪ್ರಶ್ನೆ. ಸರೋಜಾ ಬಾಗಿಲಲ್ಲಿ ನಿಂತಿದ್ದಳು. ಹೇಳಿದರೆ ಕೆಡುತ್ತದೆ ಎಂದಿದ್ದಳು. ಹೇಳದೆ ಹೇಳಬೇಕು.

"ಸಾಹೇಬರ, ನಿಮ್ಮ ತಾಯಿಯವರು ಎಲ್ಲಿರ್ತಾರ್ರಿ?"

"ಊರಾಗ. ಸಾತಾರಿ ಹತ್ರ. ಯಾಕ?"

"ನೀವು ಊರು ಬಿಡೂ ಮುಂದ ಏನಂದ ಬಂದ್ರಿ?"

"ಯೇತೋ ಅಂದೆ. ಜಾತೋ ಅನಬಾರದು ನಮ್ಮಲ್ಲಿ. ಹೋಗ್ತೇನಿ ಅಂದಂಗ ಆಗತದ." ಹೇಳುತ್ತ ಹೇಳುತ್ತ ದನಿ ನಿಧಾನವಾಯಿತು. "ಯೇತೋ ಅಂದ್ರ... ಬರ್ತೇನಿ."

"ಅವರೇನ ಮಾಡಿದ್ರು?"

"ಒಳಗ ಹೋದಳು."

"ಆಮ್ಯಾಲ?"

"ಗೊತ್ತಿಲ್ಲ. ನಾ ಟಾಂಗಾದಾಗ ಕುಂತಿದ್ದೆ." ಹಾಳೆ ನೋಡಿದರು. "ಎರಡ ವರ್ಷಾತು."

ಚುರಮರಿ ಮೆತ್ತಗಾಯಿತು. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ. ಹೆದರಿಕೆ ಅದರೊಳಗೇ ಕರಗಿಹೋಯಿತು. ಫೌಜದಾರರು ಹಾಳೆಯನ್ನು ನನ್ನ ಮೂಗಿಗೆ ಹಿಡಿದರು.

"ಇದಕ್ಕ ನಾಲ್ಕು?"

"ಹೌದ್ರಿ."

"ಮಾಸ್ತರ, ನಿಮ್ಮನ್ನ ಅರೆಸ್ಟ್ ಮಾಡೂದಾದ್ರ ಇದಕ್ಕ ಮಾಡಬೇಕು."

ಸರೋಜಾ ಒಳಗೆ ಓಡಿದಳು, ನಗಲು.

ಹೊತ್ತು ಮುಳುಗಿತು. ತಂತಿ ಕಡಿಯಲಿಲ್ಲ, ಯಾರೂ ಬರಲಿಲ್ಲ. ಫೌಜದಾರರು ಹಾಳೆಗಳನ್ನು ಜೋಡಿಸಿ, ದಾರ ಕಟ್ಟಿ, ನನ್ನ ಕೈಗಿಟ್ಟರು.

"ಸವಣೂರಿನವರ ಹೆಸರ ಮತ್ತ ಕೇಳಬೇಕಂತ ಮಾಡಿದ್ದೆ. ಕೇಳಿದ್ರ ಬರಕೋಬೇಕಾಗತದ. ಬ್ಯಾಡ. ಬರಿಯೂದ ನಿಲ್ಲಿಸಬ್ಯಾಡ ಅಂತ ಹೇಳ್ರಿ. ಆ ಶಿಗ್ಗಾಂವಿಯವರ ಕೋಲೂ ತಿರುಗಿ ಕೊಡಸ್ತೇನಿ."

ಮೆಟ್ಟಿಲಿಳಿದು, ಟೊಪ್ಪಿಗೆ ಸರಿಮಾಡಿಕೊಂಡು, ತಿರುಗಿ ನೋಡಿ ಅಂದರು: "ಬರ್ತೇನಿ, ಮಾಸ್ತರ."

ಪೊಲೀಸರ ಬಾಯಲ್ಲಿ ಇದು ಹೋಗುವ ಮಾತೋ, ಬರುವ ಮಾತೋ? ಸರೋಜಾಳನ್ನು ಕೇಳಿದೆ.

"ಬರೂ ಮಾತ," ಅಂದಳು. "ಮುಂದಿನ ಕಟ್ಟು ಯಾವಾಗ ಬರತೈತಿ ಅಂತ ನನ್ನ ಕೇಳ್ಯಾರ."

೫-೧೦, ಮಂಗಳವಾರ

ಪೇಟೆಯಲ್ಲಿ ಹುಡುಕಿ ಒಂದು ಶಾಯಿ ಗುಳಿಗೆ ತಂದೆ. ಸವಣೂರಿನ ಕಥೆಯ ಎದುರಿನ ೪/೧೦ ಹೊಡೆದುಹಾಕಿದೆ. ೧೦/೧೦ ಎಂದು ಬರೆಯಲು ಹೋದೆ. ಕೈ ನಿಂತಿತು — ಅದೂ ಒಂದು ತಾರೀಖು!

ಮಾರ್ಕು ಬಿಟ್ಟೆ. ಓದುಗರ ಪುಟದಲ್ಲಿ ಬರೆದೆ: 'ಸವಣೂರಿನವರಿಗೆ ಸಲಾಮು. ಬಗ್ಗಿ ನೋಡಿದೆ. ಮಧ್ಯಾಹ್ನ ಕೆಳಗಿದೆ. ಟೊಪ್ಪಿಗೆಯೂ ಬಿತ್ತು. ಪೆನ್ನು ಇಡಬೇಡಿರಿ.' ಈ ಪುಟವನ್ನಷ್ಟೇ ಮಡಿಚಿ ಖಲಂದರನ ಕೈಯಲ್ಲಿ ಕಳಿಸಿದೆ. ಕಟ್ಟು ನನ್ನ ಹತ್ತಿರವೇ ಇದೆ. ಮೂರು ಸಾಲು ಇಲ್ಲದೆ ಅದನ್ನು ಕಳಿಸುವುದಿಲ್ಲ.

೧೦-೧೦, ರವಿವಾರ. ಸಂಜೆ

ಸವಣೂರಿನಿಂದ ಬಂತು! ಎಲೆ ಹೊರೆಯ ಜೊತೆ, ನಮಗೆಂದು ನಾಲ್ಕು ಕವಳೆ ವೀಳ್ಯದೆಲೆಯೂ ಸೇರಿ. ಕಾಲು ಹಾಳೆಯ ಮೇಲೆ ಅದೇ ಅಕ್ಷರ: "ಟೊಪ್ಪಿಗೆ ಸಿಕ್ಕಿತು. ಒಣಗಿಸಿ ಇಟ್ಟಿದ್ದೇನೆ. ಮುದುಕಿ ಇನ್ನೂ ಕಾಯುತ್ತಿದ್ದಾಳೆ, ನೆನಪಿರಲಿ."

ಎರಡು ಸಲ ಓದಿ ಸರೋಜಾಳಿಗೆ ಕೊಟ್ಟೆ. ಅವಳು ಎಲೆ ಮಡಿಚುತ್ತ ಓದಿದಳು. ಬಹಳ ದಿನಗಳ ಮೇಲೆ ಮನೆ ಹಗುರವಾಗಿದೆ. ಇಷ್ಟು ಸುಖವಾಗಿ ಯಾವಾಗ ಕುಳಿತಿದ್ದೆನೋ ನೆನಪಿಲ್ಲ.

ಜಂಟಿ ಹಾಳೆ ಮುಂದಿದೆ. ನನ್ನ ಜಾಗ ಪೊಲೀಸರ ದೀಪಕ್ಕೆ ಕಂದಿ ರೊಟ್ಟಿಯ ಬಣ್ಣ ಬಂದಿದೆ. ಅದರ ಮೇಲೇ ಬರೆದೆ. ಕಪ್ಪು ಶಾಯಿ. ಪಾಟಿಯ ಮೇಲೆ ಮೊದಲು ಬರೆದು ನೋಡಲಿಲ್ಲ.

ಹಿರೇಕೆರೂರು: "ಬರುವವರು ಬರುವ ತನಕ, ಅಂದೆ. ಮುದುಕಿ ಪೊಟ್ಟಣವನ್ನು ಒಲೆಯ ಬದಿಗಿಟ್ಟಳು."

ಎರಡು ಸಾಲಾಯಿತು. ನನ್ನವೇ! ಮೂರನೆಯದು ಹತ್ತಿರದಲ್ಲೇ ಇದೆ, ಕಾಣುತ್ತಿಲ್ಲ.

ಒಳಗಿನಿಂದ ಕೂಗು. "ರೊಟ್ಟಿ ಆರಾಕತ್ತಾವ. ಎಷ್ಟೊತ್ತು ಒಲಿ ಉರಸಲ್ರಿ?"

"ಬರ್ತೇನಿ," ಅಂದೆ.

ಅಯ್ಯೋ — ಮೂರನೆಯ ಸಾಲು ಇದೇ. ತಿದ್ದುವುದು ಬೇಡ, ಹೀಗೇ ಬರೆಯುತ್ತೇನೆ, ಬಾಯಲ್ಲಿ ಇದ್ದ ಹಾಗೆ. ಬರ್ತೇ—